ಹಿಂಸೆ ಅಲ್ಲ ಅಂತಾಯ್ತು

ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತಿದೆ, ಈಗ ಬಿದ್ದೀತು, ಇಲ್ಲ, ಬೀಳಲಿಲ್ಲ, ಕೆಳಗೆ ಮೀನು ಇದೆಯೋ ಇಲ್ಲವೋ ಅದಕ್ಕಿನ್ನೂ ನಿರ್ಣಯವಾಗಿಲ್ಲ, ಕಪ್ಪುಬಿಳಿ ರೆಕ್ಕೆ, ಕೊಕ್ಕು ನೆಟ್ಟಗೆ ಕೆಳಕ್ಕೆ, ಅಭಯಾಚರಣ ಸೊಂಟಮಟ್ಟದ ನೀರಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದ, ಮಾಘದ ಗಂಗೆ, ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಷ್ಟು ತಣ್ಣಗೆ, ಆಚೆ ದಡದಲ್ಲಿ ಸಾಸಿವೆ ಹೊಲ ಹಳದಿ, ಈಚೆ ದಡದಲ್ಲಿ ಹೊಗೆ, ಅಮ್ಮನ ಹೊಗೆ, ಈಗ ಬರೀ ಹೊಗೆ — ದಾದಾ, ಮುಳುಗು, ಎಷ್ಟೊತ್ತು ಹಂಗೇ ನಿಲ್ತೀಯ, ತಮ್ಮ ನಂದದುಲಾಲನ ದನಿ ಅದು, ಹಲ್ಲು ಕಟಕಟ ಅನ್ನುತ್ತಿದೆ ಅವನಿಗೆ, ಬೆಂಕಿ ಇಟ್ಟವನು ನೀನು, ನೀನು ಮುಳುಗದೆ ನಾವು ಯಾರೂ ಮುಳುಗೋ ಹಾಗಿಲ್ಲ, ಎಲ್ರೂ ಚಳೀಲಿ ಕಾಯ್ತಿದಾರೆ — ಹೌದು, ಕಾಯುತ್ತಿದ್ದಾರೆ, ತಂಗಿ ಖೇಮಂಕರಿ ಮಂಡಿಗೆ ಗಲ್ಲ ಊರಿ ಮರಳಿನ ಮೇಲೆ ಕೂತಿದ್ದಾಳೆ, ನೋಡುತ್ತಿಲ್ಲ, ಪಾಠಶಾಲೆಯ ಶಿಷ್ಯರು ಒಂದು ಗುಂಪಾಗಿ ನಿಂತಿದ್ದಾರೆ, ಮಿಥಿಲೆಯವನು, ಕಾಶಿಯವನು, ಒಡ್ರ ದೇಶದವನು, ಇವರೆಲ್ಲ ಊರು ಬಿಟ್ಟು ನವದ್ವೀಪಕ್ಕೆ ಬಂದದ್ದು ಅಭಯಾಚರಣ ತರ್ಕವಾಗೀಶರ ಬಾಯಿಂದ ಒಂದು ಪದದ ಲಕ್ಷಣ, ಅದರ ನಿಖರ ವ್ಯಾಖ್ಯೆ, ಕೇಳಲು, ಒಂದೇ ಪದ, ಹಿಂಸೆ, ಅದರ ಲಕ್ಷಣ ಹೇಳುವುದರಲ್ಲಿ ಈ ಭೂಮಿಯ ಮೇಲೆ ಅವನಿಗೆ ಎದುರಿಲ್ಲ, ಮುಳುಗಬೇಕು, ಮುಳುಗುತ್ತೇನೆ, ಈ ಹಕ್ಕಿ ಬೀಳಲಿ ಮೊದಲು.

ಪದದೊಳಗೇ ಇದೆ ಮಕ್ಕಳೇ ಎಲ್ಲ, ಎನ್ನುತ್ತಿದ್ದ, ಬೆರಳೆತ್ತಿ ಎನ್ನುತ್ತಿದ್ದ, ಪಾಪ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಮೂಗಿಗೆ ಹತ್ತುವ ವಾಸನೆಯಲ್ಲ, ವಿಧವೆ ಎಂಬ ಮಾತು ಬಲ್ಲವನು ಅವಳ ಗಂಡ ಸತ್ತಿದ್ದಾನೋ ಇಲ್ಲವೋ ಎಂದು ಕೇಳಲು ಅವಳ ಮನೆಗೆ ಹೋಗುತ್ತಾನೆಯೇ, ಹೋಗುವುದಿಲ್ಲ, ಹಾಗೇ ಹಿಂಸೆ ಎಂಬ ಮಾತನ್ನು ಅದರ ಅಂಚುಗಳ ಸಮೇತ ಬಲ್ಲವನು ಯಾವುದು ಮಾಡಬಾರದ್ದು ಎಂದು ಕೂತ ಚಾಪೆಯ ಮೇಲೇ ಬಲ್ಲ — ಕಾಶಿಯಿಂದ ಬಂದ ಮುದಿ ಪಂಡಿತನೊಬ್ಬ ಕೆರಳಿದ್ದ, ಅದನ್ನ ಶಾಸ್ತ್ರ ಹೇಳ್ಬೇಕಯ್ಯಾ, ನಿನ್ನ ಚಾಪೆ ಅಲ್ಲ, ಅಂತ, ಅದಕ್ಕಿವನು, ಶಾಸ್ತ್ರ ಕೊಲ್ಲಬೇಡ ಅನ್ನುತ್ತೆ ಸ್ವಾಮಿ, ಕೊಲ್ಲೋದು ಅಂದ್ರೆ ಯಾವುದು ಅಂತ ಶಾಸ್ತ್ರಕ್ಕೆ ಹೇಳಿಕೊಡೋರು ಯಾರು, ಸಭೆಯೆಲ್ಲ ಹೋ ಎಂದಿತು, ಮುದುಕ ಶಾಲು ಕೊಡವಿಕೊಂಡು ಎದ್ದುಹೋದ, ಆ ದಿನದ ಗಂಧದ ವಾಸನೆ ಇನ್ನೂ ನೆನಪಿದೆ, ನೆನಪಿರಬೇಕಾದ್ದು ಬೇರೆ ಏನೋ ಇತ್ತು. ಹೊಸ ಶಿಷ್ಯರಿಗೆ ಮೊದಲ ದಿನ ಹೇಳುತ್ತಿದ್ದ, ಸಾವಿಗೆ ಕಾರಣವಾಗುವ ಕ್ರಿಯೆಯೇ ಹಿಂಸೆ ಅನ್ನೋಣ, ಸರಿಯೇ, ಸರಿ ಗುರುಗಳೇ, ಸರಿಯಂತೆ, ಹಾಗಾದರೆ ದೋಣಿ ಮುಳುಗಿ ಸತ್ತವನನ್ನು ಕೊಂದವನು ಬಡಗಿ, ಅಲ್ಲ ಅಲ್ಲ, ಅಲ್ಲ ಯಾಕೆ, ಇನ್ನೂ ಹಿಂದೆ ಹೋಗಿ, ಹುಟ್ಟದಿದ್ದರೆ ಸಾಯುತ್ತಿದ್ದನೇ, ಹಾಗಾಗಿ ಹೆತ್ತವಳೇ ಕೊಂದವಳು, ಎಲ್ಲ ತಾಯಂದಿರೂ ಕೊಲೆಗಾತಿಯರು — ನಗು, ಚಾಪೆಗಳು ಅಲುಗುವಷ್ಟು ನಗು, ಗೋಡೆಯಾಚೆಯಿಂದಲೂ ಒಂದು ನಗು, ಅಮ್ಮನದು, ಬತ್ತಿ ಹೊಸೆಯುತ್ತ ಕೂತವಳು, ಲೋ ಅಭೂ, ನಿನ್ನನ್ನು ಹೆತ್ತಿದ್ದಕ್ಕೆ ನನಗೆ ಇದೂ ಬೇಕಿತ್ತಲ್ಲೋ, ಎಂದು ಅಲ್ಲಿಂದಲೇ ಕೂಗುತ್ತಿದ್ದಳು, ಶಿಷ್ಯರು ಇನ್ನಷ್ಟು ನಗುತ್ತಿದ್ದರು, ಅವಳಿಗದು ಗೊತ್ತಿತ್ತು, ನಗಿಸಲಿಕ್ಕೇ ಕೂಗುತ್ತಿದ್ದಳು. ನಗು ನಿಂತ ಮೇಲೆ ಇವನು ಒಂದು ಮಾತು ಸೇರಿಸುತ್ತಿದ್ದ, ಸಾವನ್ನೇ ಉದ್ದೇಶಿಸಿ ಮಾಡಿದ ಕ್ರಿಯೆ, ಅಷ್ಟೇ, ಬಡಗಿ ಹೊರಗೆ ಹೋದ, ತಾಯಿ ಹೊರಗೆ ಹೋದಳು, ಬಾಗಿಲು ಮುಚ್ಚಿತು, ಎಷ್ಟು ಸುಲಭ, ಎಷ್ಟು ಚೊಕ್ಕ.

ವೈದ್ಯ ಕೈ ಬಿಟ್ಟಾಗ ಅಮ್ಮನಿಗೆ ಪ್ರಜ್ಞೆ ಇರಲಿಲ್ಲ, ಅದು ನಿಜ, ನಾಡಿ ಹಿಡಿದು ಬಹಳ ಹೊತ್ತು ಕೂತ ತ್ರಿಲೋಚನ ಕವಿರಾಜ ಮೆಲ್ಲಗೆ ಅವಳ ಮುಂಗೈಯನ್ನು ಹಾಸಿಗೆಯ ಮೇಲಿಟ್ಟು, ತರ್ಕವಾಗೀಶರೇ, ಇನ್ನು ಔಷಧಿ ಗಂಗೆಯದ್ದೇ, ತಡ ಮಾಡ್ಬೇಡಿ, ಮನೇಲೇ ಪ್ರಾಣ ಹೋದ್ರೆ ನಿಮಗೇ ಅಪವಾದ, ಎಂದ. ಹೊತ್ತು ತಂದರು, ಹಾದಿಯುದ್ದಕ್ಕೂ ಹರಿನಾಮ, ದಡದ ಹುಲ್ಲುಗುಡಿಸಲಿನಲ್ಲಿ ಮಲಗಿಸಿದರು, ಎದೆಯ ಮೇಲೆ ತುಳಸಿ, ಹಣೆಗೆ ಗಂಗೆಯ ಮಣ್ಣು, ಹೊತ್ತು ಹೊತ್ತಿಗೆ ಎತ್ತಿಕೊಂಡು ಹೋಗಿ ಸೊಂಟದವರೆಗೆ ನೀರಿನಲ್ಲಿ ಇಳಿಬಿಡುವುದು, ಬಾಯಿಗೆ ನೀರು ಬಿಡುವುದು, ಕಿವಿಯಲ್ಲಿ ನಾಮ ಹೇಳುವುದು, ಸಾಯುವವರಿಗೆಲ್ಲ ಮಾಡುವುದೇ ಅದು, ಅಪ್ಪನಿಗೂ ಮಾಡಿದ್ದೆವು, ಅಪ್ಪ ಹಾಗೇ ಹೋಗಿಬಿಟ್ಟ, ನೀರಿಗೆ ಇಳಿಸಿದ ಮೊದಲ ಸಲವೇ, ನಿದ್ದೆಯಲ್ಲಿ ಮಗ್ಗುಲಾದಂತೆ — ಇವಳು ಹೋಗಲಿಲ್ಲ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಕಣ್ಣು ಬಿಟ್ಟಳು, ಗುಡಿಸಲಿನ ಮಾಡು ನೋಡಿದಳು, ಎಲ್ಲಿದೀನಿ, ಎಂದಳು, ಗಂಗೆ ದಡದಲ್ಲಿ ಅಮ್ಮಾ, ಓಹೋ, ಎಂದಳು, ಇಲ್ಲಿ ಗಾಳಿ ಚೆನ್ನಾಗಿದೆ ಕಣೋ, ಹಸಿವಾಗ್ತಿದೆ. ಹಸಿವು, ಆ ಮಾತು ಕೇಳಿ ಗುಡಿಸಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಸಂತೋಷಪಡಲಿಲ್ಲ, ಅದನ್ನವನು ನೋಡಿದ, ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ, ಅದೊಂದು ಅನುಕೂಲ. ಮಧ್ಯಾಹ್ನ ಖೇಮಂಕರಿ ಸೆರಗಿನಲ್ಲಿ ಮುಚ್ಚಿಕೊಂಡು ಮಂಡಕ್ಕಿ ತಂದಳು, ಹೊಸ ಖರ್ಜೂರದ ಬೆಲ್ಲ ತಂದಳು, ನೀರಿನಲ್ಲಿ ನೆನೆಸಿ ಹಿಸುಕಿ ಕೊಟ್ಟಳು, ಹಲ್ಲಿಲ್ಲದ ಬಾಯಿ ಚಪ್ಪರಿಸಿ ಚಪ್ಪರಿಸಿ ತಿಂದಿತು, ಬೆಲ್ಲ ಈ ವರ್ಷ ಸ್ವಲ್ಪ ಹೊಗೆ ಹೊಡ್ದಿದೆ ಕಣೇ ಖೇಮಿ, ಯಾರ ಮನೇದು, ಎಂದಿತು, ಬೆಲ್ಲದ ಗುಣ ವಿಚಾರಿಸುವವಳನ್ನು ಸಾಯುವವಳು ಎನ್ನುವುದು ಹೇಗೆ, ಸಾಯುವವಳು ಎಂಬ ಪದದ ಲಕ್ಷಣವೇನು, ಅದನ್ನು ಯಾಕೆ ಒಮ್ಮೆಯೂ ಪಾಠ ಮಾಡಲಿಲ್ಲ.

ದಾದಾ ಮುಳುಗು — ಹೂಂ. ತಮ್ಮ ನಂದು ಆಗಲೂ ಹೀಗೇ ದಡದ ಮೇಲೆ ನಿಂತು ಕರೆದ, ಬಾ ಈಚೆಗೆ, ಒಂದು ಮಾತು, ಅವನ ಕಣ್ಣು ಕೆಂಪಾಗಿತ್ತು, ಅತ್ತಿದ್ದ, ಅವನು ಕೆಟ್ಟವನಲ್ಲ, ಅಮ್ಮ ಬಿದ್ದಾಗ ಎತ್ತಿ ಕಾಲು ಒತ್ತಿದವನು ಅವನೇ. ಶಾಂತಿಪುರದವರು ಹೇಳಿಕಳಿಸಿದಾರೆ ದಾದಾ, ಎಂದ, ಅವನ ಮಗಳು ಪುಂಟಿಗೆ ಗೊತ್ತಾದ ಸಂಬಂಧ, ದೊಡ್ಡ ಕುಲ, ಸೂತಕ ಆದ್ರೆ ಪರವಾಗಿಲ್ಲ, ವರ್ಷ ಕಳೆದ ಮೇಲೇ ಮದುವೆ ಇಟ್ಕೊಳ್ಳೋಣ, ಕಾಯ್ತೀವಿ, ಆದ್ರೆ ಗಂಗೆಗೆ ಕೊಟ್ಟವಳನ್ನ ವಾಪಸ್ ಕರ್ಕೊಂಡು ಬಂದ ಮನೆಯಿಂದ ಹೆಣ್ಣು ತರಲ್ಲ, ಅಷ್ಟೇ ಮಾತು, ಎಂದಿದಾರೆ. ನಂದೂ, ಅಮ್ಮ ಊಟ ಕೇಳ್ತಿದಾಳೆ. ಗೊತ್ತು ದಾದಾ, ನನಗೆ ಕಿವಿ ಇಲ್ವಾ, ಆದ್ರೆ ಸಾಯೋಕೆ ಗಂಗೆ ದಡಕ್ಕೆ ಬಂದು ತಿರುಗಿ ಮನೆಗೆ ಹೋದವರು ಈ ಊರಲ್ಲಿ ಯಾರಾದರೂ ಇದಾರಾ, ಹೇಳು, ಬಂದ್ರೆ ನಮ್ಮ ಬಾವಿ ನೀರು ಯಾರು ಮುಟ್ತಾರೆ, ನಿನ್ನ ಪಾಠಶಾಲೇಲಿ ಯಾರು ಅನ್ನ ತಿಂತಾರೆ, ಅಗೋ ನೋಡು ಆ ಮಿಥಿಲೆಯವನು ಈಗ್ಲೇ ಗಂಟು ಕಟ್ತಿದಾನೆ, ಪುಂಟಿ ಕತೆ ಏನು, ಅವಳೇನು ತಪ್ಪು ಮಾಡಿದ್ಲು. ಕೆಳಗಡೆ ಹೊಳೆಯಂಚಿಗೆ ಒಂದು ಹಳ್ಳಿ ಇದೆಯಲ್ಲ, ಹೀಗೆ ಗಂಗೆಗೆ ಬಂದೂ ಬದುಕಿ ಉಳಿದವರದ್ದು, ಎಂದು ಇವನೇ ಹೇಳಿದ, ಅಲ್ಲಿ ಒಂದು ಗುಡಿಸಲು ಹಾಕಿಕೊಟ್ರೆ, ಗುಡಿಸಲೊಳಗಿಂದ ಅಮ್ಮನ ದನಿ, ಎಲ್ಲ ಕೇಳಿಸಿಕೊಂಡಿದ್ದಾಳೆ, ಹೂಂ ಕಣೋ, ಅಲ್ಲೇ ಬಿಟ್ಬಿಡ್ರೋ ನನ್ನ, ಒಂದು ಹಸು ಕೊಡಿಸಿ, ನಾನು ಯಾರ ತಾಯೀನೂ ಅಲ್ಲ ಅಂತ ಹೇಳ್ಕೋತೀನಿ, ನಿಮ್ಮ ಹೆಸರು ಎತ್ತಲ್ಲ. ನಂದು ತಲೆ ತಗ್ಗಿಸಿ ಅತ್ತ, ಆಮೇಲೆ ಮೂಗು ಒರೆಸಿಕೊಂಡು, ತರ್ಕವಾಗೀಶರ ತಾಯಿ ಅನಾಥೆಯರ ಜೊತೆ ತಿರುಪೆ ಎತ್ತುತ್ತಾಳೆ ಅಂತ ಕೃಷ್ಣನಗರದ ತನಕ ಸುದ್ದಿ ಆಗುತ್ತೆ ದಾದಾ, ಅದೂ ಒಂದೇ ಇದೂ ಒಂದೇ, ನೀನೇ ಹೇಳು, ನೀರು ಬಿಡೋದು ತಪ್ಪಾ, ಅಮ್ಮ ಹೀಗಿರೋವಾಗ ಇನ್ನೂ ನೀರು ಬಿಟ್ರೆ ಅದು, ಅದು ಹಿಂಸೆ ಆಗುತ್ತಾ, ಆಗುತ್ತೆ ಅಂದ್ರೆ ನಾನು ಮುಟ್ಟಲ್ಲ, ಪುಂಟಿ ಬಾವಿಗೆ ಬಿದ್ರೂ ಮುಟ್ಟಲ್ಲ, ಆಗಲ್ಲ ಅಂದ್ರೆ ಹೇಳು, ನೀನು ಹೇಳಿದ್ರೆ ನನಗೆ ಸಾಕು. ಖೇಮಂಕರಿ ಬಾಗಿಲಲ್ಲಿ ನಿಂತಿದ್ದಳು, ಅವಳತ್ತ ನೋಡಿದ, ಅವಳೇನಾದರೂ ಹೇಳಲಿ ಎಂದು, ಅವಳು, ನನ್ನನ್ನು ನೋಡ್ಬೇಡ ದಾದಾ, ನನಗೂ ಆ ಮನೇಲೇ ಅನ್ನ ಬೇಯಬೇಕು, ಎಂದು ಒಳಗೆ ಹೋದಳು.

ಆಗ ಮರಳಿನ ಮೇಲೆ ನಡೆಯುತ್ತ ಹೋದ, ಒಬ್ಬನೇ, ಗದ್ದೆಬಾತುಗಳು ಎದ್ದು ಎದ್ದು ಮುಂದೆ ಕೂರುತ್ತಿದ್ದವು, ಎಷ್ಟು ಸಂತೋಷವಾಗಿತ್ತು, ಥೂ, ಹೌದು, ಸಂತೋಷ, ಪ್ರಶ್ನೆ ತನ್ನ ಪ್ರಶ್ನೆ, ಆಯುಧ ತನ್ನ ಆಯುಧ, ಬೇರೆಯವರು ಅಳುವುದನ್ನು ಬಿಟ್ಟು ಇನ್ನೇನೂ ಮಾಡಲಾರದ ಕಡೆ ತನಗೊಂದು ಕೆಲಸವಿದೆ. ಸಾವನ್ನು ಉದ್ದೇಶಿಸಿದ ಕ್ರಿಯೆ ಹಿಂಸೆ, ಇಲ್ಲಿ ಉದ್ದೇಶ ಯಾವುದು, ಮುಕ್ತಿ, ಗಂಗೆಯ ನೀರು ಬಾಯಲ್ಲಿರಲು ಪ್ರಾಣ ಹೋದರೆ ಮುಕ್ತಿ ಎಂದು ನಂಬಿ ಬಿಡುವ ನೀರು, ಸಾವು ಬಂದರೆ ತಾನಾಗಿ ಬರುತ್ತದೆ, ಬಡಗಿಯ ದೋಣಿ ಮುಳುಗಿದ ಹಾಗೆ, ಆದ್ದರಿಂದ ಹಿಂಸೆಯಲ್ಲ, ಎಲ್ಲೂ ಬಿರುಕಿಲ್ಲ, ಕಾಶಿಯ ಮುದುಕ ಬಂದು ತಲೆ ಚಚ್ಚಿಕೊಂಡರೂ ಬಿರುಕು ಸಿಗದು. ತಿರುಗಿ ನಡೆದ, ತಿರುಗಿ ನಡೆಯುವಾಗ ಇನ್ನೊಂದು ಬಂತು, ಕರೆಯದೆ ಬಂತು, ಆ ಮುಕ್ತಿಗೆ ಸಾವೇ ಬಾಗಿಲು, ಬಾಗಿಲು ತೆರೆಯಲಿ ಎನ್ನದೆ ಒಳಗೆ ಹೋಗಲಿ ಎನ್ನುವುದಾಗದು, ಮನೆ ಬೇಕೆಂದವನು ಬಾಗಿಲೂ ಬೇಕೆಂದವನೇ, ಆದ್ದರಿಂದ ಸಾವೂ ಉದ್ದೇಶದೊಳಗೇ ಇದೆ, ಆದ್ದರಿಂದ ಹಿಂಸೆ, ಸಾಕ್ಷಾತ್ ಹಿಂಸೆ, ಮಾತೃಹತ್ಯೆ. ನಿಂತ. ಇದರಲ್ಲೂ ಬಿರುಕು ಹುಡುಕಿದ, ಸಿಗಲಿಲ್ಲ. ಉದ್ದೇಶ ಎಂಬ ಪದವನ್ನು ಒಂದು ಕೂದಲಿನಷ್ಟು ಅತ್ತ ಎಳೆದರೆ ಅಮ್ಮ ಬದುಕುತ್ತಾಳೆ, ಇತ್ತ ಎಳೆದರೆ ಸಾಯುತ್ತಾಳೆ, ಪದ ಎಳೆದತ್ತ ಬರುತ್ತದೆ, ಹಸುವಿನ ಹಾಗೆ, ಹಗ್ಗ ಹಿಡಿದವನನ್ನು ಯಾಕೆಂದು ಕೇಳುವುದಿಲ್ಲ — ಹಾಗಾದರೆ ಎಳೆಯುವವನು ಯಾರು, ಅವನಿಗೆ ಗೊತ್ತಾಗುವುದು ಎಲ್ಲಿಂದ, ಆಯುಷ್ಯವೆಲ್ಲ ಪದದೊಳಗೇ ಇದೆ ಪದದೊಳಗೇ ಇದೆ ಎಂದೆನಲ್ಲ, ಇಷ್ಟು ವರ್ಷ ನಾನು ಒಳಗಿಟ್ಟದ್ದನ್ನೇ ನಾನು ಹೊರಗೆ ತೆಗೆಯುತ್ತಿದ್ದೆನೇ, ಮಿಥಿಲೆಯವರೆಗೂ ಜನ ಬೆರಗಾದದ್ದು ಅದಕ್ಕೇ. ಆ ಕ್ಷಣ ಕೂಗಿ ಅತ್ತಿದ್ದರೆ ಆಗುತ್ತಿತ್ತು. ಗುಡಿಸಲಿಗೆ ಹೋಗಿ ಅವಳನ್ನು ಎತ್ತಿಕೊಂಡು ದೋಣಿ ಹತ್ತಿದ್ದರೆ ಆಗುತ್ತಿತ್ತು, ಹಗುರ ಅವಳು, ಹುಲ್ಲುಹೊರೆಯಷ್ಟೂ ಇಲ್ಲ. ಅವನು ಮಿಥಿಲೆಯವನ ಗಂಟನ್ನು ಯೋಚಿಸಿದ, ಅರ್ಧ ಕಟ್ಟಿದ ಗಂಟು, ಪುಂಟಿಯನ್ನೂ ಯೋಚಿಸಿದ, ಇಲ್ಲ, ಪುಂಟಿಯನ್ನು ಆಮೇಲೆ ಯೋಚಿಸಿದ, ಗಂಟನ್ನೇ ಮೊದಲು. ನಂದದುಲಾಲನ ಮುಂದೆ ಬಂದು ನಿಂತು, ಶಿಷ್ಯರೂ ಸುತ್ತ ನಿಂತಿದ್ದರು, ಮೊದಲನೆಯ ವಾದವನ್ನು ಹೇಳಿದ, ಸ್ಪಷ್ಟವಾಗಿ, ಒಂದೂ ಪದ ತೊದಲದೆ, ಎರಡನೆಯದನ್ನು ಹೇಳಲಿಲ್ಲ, ಒಬ್ಬ ಶಿಷ್ಯ ಉಸಿರೆಳೆದು, ಆಹಾ, ಎಂದ.

ಒಳಗೆ ಹೋದಾಗ ಅಮ್ಮ ಗೋಡೆಗೊರಗಿ ಕೂತಿದ್ದಳು, ತಾನೇ ಎದ್ದು ಕೂತಿದ್ದಳು, ಕೂದಲಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು, ಮುಖ ಎತ್ತಿ, ಏನಂತ ತೀರ್ಮಾನ ಆಯ್ತೋ, ಎಂದಳು, ಚಿಕ್ಕಂದಿನಲ್ಲಿ ವಾದ ಗೆದ್ದು ಬಂದಾಗ ಕೇಳುತ್ತಿದ್ದ ದನಿಯಲ್ಲೇ. ಹಿಂಸೆ ಅಲ್ಲ ಅಂತಾಯ್ತು ಅಮ್ಮಾ. ಅವಳ ಮುಖ ಅರಳಿತು, ಹಿಂಸೆ ಬೇಡ ಎಂದಾಯ್ತೆಂದು ತಿಳಿದಳೇನೋ, ದೇವರೇ, ಅರಳಿತು ಅದು, ಹಾಗಾದ್ರೆ ಮನೆಗೆ ಹೋಗೋದಾ, ಎಂದಳು. ಅವನು ಅವಳ ಎದೆಯಿಂದ ಜಾರಿ ಬಿದ್ದಿದ್ದ ತುಳಸಿಯನ್ನು ಎತ್ತಿಕೊಂಡ. ಗೋಡೆಯಾಚೆ ಕೂತು ಇಷ್ಟು ವರ್ಷ ಕೇಳಿದವಳು, ಲಕ್ಷಣದ ಬಾಲ ಎಲ್ಲಿ ತಿರುಗುತ್ತದೆ ಎಂದು ಶಿಷ್ಯರಿಗಿಂತ ಮೊದಲೇ ಊಹಿಸುತ್ತಿದ್ದವಳು, ಸ್ವಲ್ಪ ಹೊತ್ತು ಅವನ ಮುಖ ನೋಡಿದಳು, ಆಮೇಲೆ, ಓ, ಎಂದಳು, ನನ್ನ ಸಾವು ಹಿಂಸೆ ಅಲ್ವೇನೋ, ಎಂದಳು, ಇನ್ನೊಂದು ಸಲ, ಓ. ಕೂದಲು ಕೆರೆಯುವುದನ್ನು ಬಿಟ್ಟಳು. ನಂದು ಮತ್ತು ಇನ್ನಿಬ್ಬರು ಎತ್ತಿಕೊಂಡಾಗ ಕಿರುಚಲಿಲ್ಲ, ನಿಧಾನವಾಗಿ ಹಿಡ್ಕೊಳ್ರೋ, ಸೊಂಟ ನೋಯುತ್ತೆ, ಎಂದಷ್ಟೇ ಎಂದಳು, ನೀರಿಗೆ ಇಳಿಸುವಾಗ, ಏಕಾದಶಿ ದಿನ ಒಂದು ತೊಟ್ಟು ನೀರು ಕೊಡ್ರೇ ಅಂದ್ರೆ ಕೊಡ್ತಿರಲಿಲ್ಲ, ಈಗ ನೋಡು ಧಾರಾಳ, ಎಂದು ಖೇಮಂಕರಿಯನ್ನು ಹುಡುಕಿದಳು, ಖೇಮಂಕರಿ ಮುಖಕ್ಕೆ ಸೆರಗು ತುರುಕಿಕೊಂಡು ದಡದಲ್ಲೇ ಕೂತುಬಿಟ್ಟಿದ್ದಳು. ತಲೆ ನೀನು ಹಿಡ್ಕೋ ದಾದಾ, ಹಿರೀ ಮಗ. ಹಿಡಿದ. ಅಂಗೈಯಲ್ಲಿ ಅವಳ ತಲೆ, ತೆಂಗಿನ ಚಿಪ್ಪಿನಷ್ಟು, ಅದರೊಳಗಿಂದ ಏನೋ ಡಬಡಬ ಬಡಿಯುವುದು ಅಂಗೈಗೆ ತಾಗುತ್ತಿತ್ತು, ಕಿವಿಯ ಹತ್ತಿರ ಬಾಯಿಟ್ಟು ಗಂಗಾ ನಾರಾಯಣ ಬ್ರಹ್ಮ ಎಂದ, ಗಂಗಾ ನಾರಾಯಣ ಬ್ರಹ್ಮ, ನಂದು ತಾಮ್ರದ ಬಟ್ಟಲಿನಿಂದ ನೀರು ಬಿಟ್ಟ, ಒಂದು ಗುಟುಕು ಕುಡಿದಳು, ಎರಡು ಕುಡಿದಳು, ಸಾಕು ಕಣೋ, ಎಂದಳು, ಸಾಕು, ಆಮೇಲೆ ತುಟಿ ಮುಚ್ಚಿಕೊಂಡಳು.

ತುಟಿ ಮುಚ್ಚಿಕೊಂಡಳು, ಔಷಧಿ ಬೇಡವೆನ್ನುವ ಮಗುವಿನ ಹಾಗೆ, ಒಳಕ್ಕೆ ಮಡಿಚಿ, ಹಲ್ಲಿಲ್ಲದ ಒಸಡಿನಿಂದ ಕಚ್ಚಿ, ಸುತ್ತ ಸುಕ್ಕುಗಳೆಲ್ಲ ಒಂದು ಗೆರೆಗೆ ಬಂದು ಸೇರಿದ್ದವು, ನೀರು ಆ ಗೆರೆಯ ಮೇಲೆ ಬಿದ್ದು ಎರಡೂ ಕಡೆ ಹರಿದು ಅವಳ ಕಿವಿಗೆ ಹೋಯಿತು, ಅವನ ಅಂಗೈಗೆ ಹೋಯಿತು, ಬೆಚ್ಚಗಾಗಿತ್ತು ಅಷ್ಟರೊಳಗೆ. ಕಣ್ಣು ತೆರೆದೇ ಇದ್ದವು, ಅವನನ್ನೇ ನೋಡುತ್ತಿದ್ದವು, ಬೈಯುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ, ಏನನ್ನೋ ಗುರುತು ಹಿಡಿಯಲು ನೋಡುವ ಹಾಗೆ. ಸಾಕು ನಂದೂ ಎನ್ನಬಹುದಿತ್ತು. ಸಾಕು, ಎರಡಕ್ಷರ. ಬಾಯಲ್ಲಿ ನಾರಾಯಣ ಇತ್ತು. ಉಸಿರಿಗಾಗಿ ಬಾಯಿ ತೆರೆಯಲೇಬೇಕಾಯಿತು ಅವಳಿಗೆ, ತೆರೆದಳು, ನಂದು ಅಳುತ್ತಲೇ ನೀರು ಬಿಟ್ಟ — ಆಮೇಲಿನದೆಲ್ಲ ಬೇಗ, ಸೌದೆ, ತುಪ್ಪ, ಪುರೋಹಿತ, ಎಲ್ಲರೂ ತಂತಮ್ಮ ಕೆಲಸ ಬಲ್ಲವರು, ಶಾಂತಿಪುರಕ್ಕೆ ಆಳು ಹೊರಟೂ ಆಯಿತು, ಮಿಥಿಲೆಯವನು ಗಂಟು ಬಿಚ್ಚಿಟ್ಟು ಸೌದೆಗೆ ಹೆಗಲು ಕೊಟ್ಟ, ಶಿಷ್ಯರು ಚಿತೆಯ ಆಚೆ ನಿಂತು ಪಿಸುಗುಡುತ್ತಿದ್ದರು, ಗುರುಗಳ ವಾದದಲ್ಲಿ ಒಂದಕ್ಷರ ಕಳೆಯೋ ಹಾಗಿಲ್ಲ, ಒಂದಕ್ಷರ ಸೇರಿಸೋ ಹಾಗಿಲ್ಲ. ಸೇರಿಸಬಹುದು. ಅವರಿಗೆ ಹೇಳಿಬಿಡಲೇ, ನಾಳೆ ಚಾಪೆಯ ಮೇಲೆ ಕೂತು ಎರಡನೆಯದನ್ನೂ ಹೇಳಿಬಿಡಲೇ, ಆಹಾ ಎನ್ನುತ್ತಾರೆ, ಅದಕ್ಕೂ ಆಹಾ ಎನ್ನುತ್ತಾರೆ, ಎರಡನ್ನೂ ಊರಿಗೆ ಹೊತ್ತುಕೊಂಡು ಹೋಗುತ್ತಾರೆ, ಅಲ್ಲೊಬ್ಬಳು ತುಟಿ ಮುಚ್ಚಿಕೊಳ್ಳುತ್ತಾಳೆ, ನೀರು ಎರಡೂ ಕಡೆ ಹರಿಯುತ್ತದೆ. ಬಾವಿಗೆ ಬೀಳುವ ಕೂಸನ್ನು ಕಂಡವನು ಲಕ್ಷಣ ಕೇಳುತ್ತಾನೆಯೇ ಎಂದು ಯಾರಾದರೂ ನನ್ನನ್ನು ಒಮ್ಮೆ ಕೇಳಬೇಕಿತ್ತು, ಕೇಳಿದ್ದರೆ ಅದಕ್ಕೂ ಉತ್ತರ ಹೇಳಿ ಗೆದ್ದಿರುತ್ತಿದ್ದೆ. ಕಂಡಿತ್ತಲ್ಲ ನನಗೆ. ಅಂಗೈಗೇ ಕಂಡಿತ್ತು. ಕಂಡದ್ದು ತಿಳಿದದ್ದಾಗಲಿಲ್ಲ, ತಿಳಿದದ್ದು ಉಪಯೋಗಕ್ಕೆ ಬರಲಿಲ್ಲ, ಈಗ ಇದೊಂದು ಹೊಸ ವಾಕ್ಯವಾಗುತ್ತಿದೆ, ನೋಡು, ಇದೂ ಚೊಕ್ಕವಾಗಿದೆ, ನಿಲ್ಲಿಸು.

ದಾದಾ, ನಿನ್ನ ಕಾಲಿಗೆ ಬೀಳ್ತೀನಿ, ಮುಳುಗು. ಹಕ್ಕಿ ಇಲ್ಲ, ಬಿದ್ದಿತೋ ಹಾರಿತೋ ನೋಡಲಿಲ್ಲ, ನೀರು ಬರೀ ನೀರಾಗಿದೆ. ಸರಿ. ಮಂಡಿ ಬಗ್ಗಿಸಿದ, ನೀರು ಹೊಟ್ಟೆಗೆ ಬಂತು, ಎದೆಗೆ ಬಂತು, ಜನಿವಾರ ತೇಲಿತು, ಮಂತ್ರ ಹೇಳಬೇಕು, ಮಂತ್ರ ಹೇಳಲು ಬಾಯಿ ತೆರೆಯಬೇಕು, ನೀರು ಕುತ್ತಿಗೆಗೆ ಬಂತು, ಗಲ್ಲಕ್ಕೆ ಬಂತು, ಬೂದಿಯೊಂದು ಎಳೆ ತೇಲಿಕೊಂಡು ಹತ್ತಿರ ಬರುತ್ತಿತ್ತು, ಇನ್ನೂ ಸ್ವಲ್ಪ ಬಗ್ಗಿದ, ತಣ್ಣನೆಯ ನೀರು ತುಟಿಗೆ ತಾಗಿತು, ತುಟಿಗಳು ತಾವಾಗಿ ಒಳಕ್ಕೆ ಮಡಿಚಿಕೊಂಡವು, ಒಸಡಿನ ಮೇಲೆ ಬಿಗಿದವು, ಅವನು ಹೇಳಿರಲಿಲ್ಲ, ಬಿಡಿಸಲು ನೋಡಿದ, ಬಿಡಲಿಲ್ಲ, ನೀರು ಎರಡೂ ಕಡೆ ಹರಿಯಿತು, ತುಟಿ ಮುಚ್ಚಿದ್ದಳು, ತುಟಿ ಮುಚ್ಚಿದ್ದಳು, ತುಟಿ —